ತಲೆಹೊಟ್ಟೂ ಕ್ಷೌರದ ಕತ್ತಿಯೂ



ಕಳೆದ ಮಳೆಗಾಲದ ಒಂದು ಭಾನುವಾರ ಜೆಪ್ಪುವಿನ ಇಗರ್ಜಿಯಲ್ಲಿ ಬೆಳಗಿನ ಬಲಿಪೂಜೆ ಮುಗಿದು, ಜನರು ಕೊಡೆ ಬಿಚ್ಚುತ್ತಾ ಅಂಗಳಕ್ಕೆ ಇಳಿಯುತ್ತಿದ್ದಾಗ ನಮ್ಮ ವಾರ್ಡಿನ ತಾಯಿಯೊಬ್ಬರು ನನ್ನನ್ನು ನಿಲ್ಲಿಸಿದರು. ಪಕ್ಕದಲ್ಲಿ ಅವರ ಹನ್ನೆರಡು ವರ್ಷದ ಮಗಳು, ತಲೆಯ ಮೇಲೆ ಶಾಲು ಹೊದ್ದುಕೊಂಡು ನಿಂತಿದ್ದಳು. "ಮಾಸ್ಟ್ರೇ, ಇವಳ ತಲೆಯ ಹೊಟ್ಟು ಏನು ಮಾಡಿದರೂ ಹೋಗುವುದಿಲ್ಲ. ಎಣ್ಣೆ ಹಾಕಿ ಆಯಿತು, ದಾಸವಾಳದ ಗೊಂಪು ಹಚ್ಚಿ ಆಯಿತು, ಲಿಂಬೆ ತಿಕ್ಕಿ ಆಯಿತು. ಒಮ್ಮೆ ಮಂಡೆ ಬೋಳಿಸಿಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದು ಅತ್ತೆ ಹೇಳುತ್ತಾರೆ. ಇವಳ ಅಣ್ಣನಿಗೂ ಹಾಗೆಯೇ ಮಾಡಿಸಿದ್ದೆವು. ನೀವೇನು ಹೇಳುತ್ತೀರಿ?" ಎಂದು ಕೇಳಿದರು. ಹುಡುಗಿ ಏನೂ ಹೇಳಲಿಲ್ಲ. ಶಾಲನ್ನು ಮಾತ್ರ ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು.

ನಾನು ವೈದ್ಯನಲ್ಲ, ಇತಿಹಾಸ ಪಾಠ ಮಾಡಿ ನಿವೃತ್ತನಾದವನು. "ಚರ್ಮದ ಡಾಕ್ಟರರಿಗೆ ತೋರಿಸಿ, ಅಲ್ಲಿಯವರೆಗೆ ಕತ್ತಿ ಬೇಡ" ಎಂದು ಹೇಳಿ ಮನೆಗೆ ಬಂದೆ. ಆದರೆ ಆ ಎಳೆದುಕೊಂಡ ಶಾಲು ಮನಸ್ಸಿನಿಂದ ಹೋಗಲಿಲ್ಲ. ತಲೆ ಬೋಳಿಸುವುದು ಎಂಬ ಈ ಸಣ್ಣ ಕೆಲಸದ ಹಿಂದೆ ಎಷ್ಟು ದೊಡ್ಡ ಇತಿಹಾಸವಿದೆ, ಅದರಲ್ಲಿ ನಮ್ಮ ಧರ್ಮಸಭೆಯ ಪಾಲೆಷ್ಟು, ನಮ್ಮ ಜೆಪ್ಪುವಿನ ಪಾಲೆಷ್ಟು ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಮೊದಲು ನನ್ನದೇ ತಲೆಯ ಕಥೆ. ಹತ್ತನೆಯ ವಯಸ್ಸಿನಲ್ಲಿ ನಾನು ಊರಿನಿಂದ ದೂರದ ಒಂದು ಬೋರ್ಡಿಂಗಿನಲ್ಲಿದ್ದೆ. ಹೊಟ್ಟು, ತುರಿಕೆ, ಹೇನು ಇವು ಮೂರೂ ಮಕ್ಕಳಲ್ಲಿ ಹೆಚ್ಚಾದಾಗ ಒಂದು ಶನಿವಾರ ಕ್ಷೌರಿಕರನ್ನು ಕರೆಸಿ, ಹಲಸಿನ ಮರದ ಬುಡದಲ್ಲಿ ಮೂವತ್ತು ಹುಡುಗರನ್ನು ಸಾಲಾಗಿ ಕೂರಿಸಿದರು. ಒಂದೇ ಕತ್ತಿ, ಒಂದೇ ಸ್ಫಟಿಕದ ತುಂಡು, ಒಂದೇ ಬಟ್ಟಲು ನೀರು. ನನ್ನ ಮುಂದೆ ಕುಳಿತಿದ್ದ ಹುಡುಗನೊಬ್ಬ ಹಿಂದೂ ಮನೆತನದವನು. ಅವನು ಬಿಕ್ಕಿ ಬಿಕ್ಕಿ ಅತ್ತ. ನೋವಾಯಿತೇ ಎಂದು ಕೇಳಿದರೆ ಅವನು ಹೇಳಿದ್ದು: "ನನ್ನ ಅಪ್ಪ ಇನ್ನೂ ಇದ್ದಾರಲ್ಲ." ಅವನ ಮನೆಯಲ್ಲಿ ಮಗ ತಲೆ ಬೋಳಿಸುವುದು ತಂದೆ ತೀರಿಕೊಂಡಾಗ. ಬೋಳು ತಲೆಯಲ್ಲಿ ಮನೆಗೆ ಹೋದರೆ ಅಪ್ಪನಿಗೆ ಕೇಡಾಗುತ್ತದೆಂದು ಆ ಮಗು ಹೆದರಿತ್ತು. ನಮ್ಮ ಮೇಲ್ವಿಚಾರಕರಿಗೆ ಅದು ಶುಚಿತ್ವದ ಪ್ರಶ್ನೆ, ಅವನಿಗೆ ಅದು ಸಾವಿನ ಗುರುತು. ಇಬ್ಬರೂ ನೋಡುತ್ತಿದ್ದುದು ಒಂದೇ ತಲೆಯನ್ನು.

ಫಲಿತಾಂಶವನ್ನೂ ಹೇಳಿಬಿಡುತ್ತೇನೆ. ಹೇನು ಹೋಯಿತು, ನಿಜ. ನನ್ನ ತುರಿಕೆ ಎರಡು ವಾರ ಕಡಿಮೆಯಾಯಿತು. ಕೂದಲು ಬಂದಂತೆ ಹೊಟ್ಟೂ ಬಂದಿತು. ಆದರೆ ಸಾಲಿನ ಕೊನೆಯಲ್ಲಿ ಕುಳಿತಿದ್ದ ನಾಲ್ಕೈದು ಹುಡುಗರ ತಲೆಯಲ್ಲಿ, ಮೊದಲು ಇಲ್ಲದಿದ್ದ ದುಂಡನೆಯ ಗಜಕರ್ಣದ ಮಚ್ಚೆಗಳು ಕಾಣಿಸಿಕೊಂಡವು. ಅದಕ್ಕೆ ಆ ಒಂದೇ ಕತ್ತಿ ಕಾರಣವಿರಬಹುದೆಂದು ಯಾರೂ ಯೋಚಿಸಲಿಲ್ಲ.

ತಲೆಯ ಚರ್ಮದ ರೋಗ ಮತ್ತು ಕ್ಷೌರ, ಇವೆರಡನ್ನೂ ಜೊತೆಗಿಟ್ಟು ಹೇಳುವ ಬಹು ಹಳೆಯ ಬರಹವೊಂದು ನಿಮ್ಮ ಮನೆಯ ಕಪಾಟಿನಲ್ಲೇ ಇದೆ. ಯಾಜಕಕಾಂಡದ 13ನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಓದದೆ ಪುಟ ಮಗುಚುತ್ತೇವೆ. ಈ ಸಲ ಓದಿ ನೋಡಿ. ಗಂಡಸಿಗಾಗಲಿ ಹೆಂಗಸಿಗಾಗಲಿ ತಲೆಯಲ್ಲಿ ಮಚ್ಚೆ ಕಾಣಿಸಿದರೆ ಏನು ಮಾಡಬೇಕೆಂದು ಅಲ್ಲಿ ವಿವರವಾಗಿದೆ. ಯಾಜಕನು ಮೊದಲು ನೋಡಬೇಕು. ಮಚ್ಚೆ ಚರ್ಮಕ್ಕಿಂತ ಆಳವಾಗಿದೆಯೇ, ಅಲ್ಲಿನ ಕೂದಲು ಹಳದಿಯಾಗಿ ಸಣ್ಣಗಾಗಿದೆಯೇ ಎಂದು ಪರೀಕ್ಷಿಸಬೇಕು. ಸಂಶಯವಿದ್ದರೆ ಏಳು ದಿನ ಆ ವ್ಯಕ್ತಿಯನ್ನು ಬೇರೆಯಾಗಿ ಇರಿಸಬೇಕು. ಏಳನೆಯ ದಿನ ಮಚ್ಚೆ ಹರಡಿರದಿದ್ದರೆ ಆಗ ಕ್ಷೌರ. ಆದರೆ ಮಚ್ಚೆಯ ಭಾಗವನ್ನು ಬಿಟ್ಟು! ಸುತ್ತಲಿನ ಕೂದಲನ್ನು ಮಾತ್ರ ತೆಗೆದು, ಇನ್ನೂ ಏಳು ದಿನ ಕಾದು, ಮತ್ತೆ ನೋಡಬೇಕು. ಹರಡಿರದಿದ್ದರೆ ಅವನು ಶುದ್ಧ. ಆ ಜಾಗದಲ್ಲಿ ಕಪ್ಪು ಕೂದಲು ಹುಟ್ಟಿದ್ದರೆ ವಾಸಿಯಾಗಿದೆ ಎಂದರ್ಥ. ಕೂದಲು ಉದುರಿ ಬಕ್ಕತಲೆಯಾದವನನ್ನು ಅಶುದ್ಧನೆಂದು ಭಾವಿಸಬೇಡಿ ಎಂದೂ ಅದೇ ಅಧ್ಯಾಯ ಸೇರಿಸುತ್ತದೆ. ನನ್ನಂಥವರಿಗೆ ಇದು ಸಮಾಧಾನದ ಮಾತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ಕ್ಷೌರ ರೋಗವನ್ನು ವಾಸಿ ಮಾಡಲಿಕ್ಕಲ್ಲ, ನೋಡಲಿಕ್ಕೆ. ಮಚ್ಚೆಯ ಅಂಚು ಸ್ಪಷ್ಟವಾಗಿ ಕಾಣಬೇಕು, ಅದು ಬೆಳೆಯುತ್ತಿದೆಯೇ ನಿಂತಿದೆಯೇ ಎಂದು ತಿಳಿಯಬೇಕು, ಅಷ್ಟೇ. ಕತ್ತಿ ತೋರಿಸುತ್ತದೆ, ಗುಣಪಡಿಸುವುದಿಲ್ಲ. ಈ ವ್ಯತ್ಯಾಸವನ್ನು ಆ ಪುರಾತನ ಯಾಜಕರು ತಿಳಿದಿದ್ದರು, ನಮ್ಮ ಬೋರ್ಡಿಂಗಿನವರು ತಿಳಿದಿರಲಿಲ್ಲ.

ಯಾಜಕಕಾಂಡದಲ್ಲಿ ಕುಷ್ಠವೆಂದು ಅನುವಾದವಾಗಿರುವ ಹೀಬ್ರೂ ಶಬ್ದ ಇಂದು ನಾವು ಕುಷ್ಠವೆನ್ನುವ ಒಂದೇ ರೋಗವನ್ನು ಹೇಳುವುದಲ್ಲ. ಚರ್ಮದ ಹಲವು ವಿಕಾರಗಳಿಗೂ ಬಟ್ಟೆಯ, ಗೋಡೆಯ ಬೂಷ್ಟಿಗೂ ಅದೇ ಹೆಸರು. ಈ ಗೊಂದಲ ಬಹಳ ಕಾಲ ಉಳಿಯಿತು. ತಲೆಯಲ್ಲಿ ಮಚ್ಚೆ ಎದ್ದರೆ ಮನೆಯವರ ಮೊದಲ ಹೆದರಿಕೆ ಕುಷ್ಠದ್ದೇ. ನಮ್ಮ ನೆರೆಯ ಕಂಕನಾಡಿಯಲ್ಲಿ ಯೇಸುಸಭೆಯ ಜರ್ಮನ್ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಹಂಚಲಾರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ತೆರೆದ ಕಾಲದಲ್ಲಿ, ಈ ರೋಗಗಳನ್ನು ಬೇರೆ ಬೇರೆಯಾಗಿ ಗುರುತಿಸುವ ವಿಜ್ಞಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ನಾರ್ವೆಯ ಹ್ಯಾನ್ಸನ್ ಕುಷ್ಠದ ರೋಗಾಣುವನ್ನು ಕಂಡದ್ದು 1873ರಲ್ಲಿ. ಅದರ ಮರುವರ್ಷವೇ, 1874ರಲ್ಲಿ, ಫ್ರಾನ್ಸಿನ ಮಲಾಸೆಜ್ ಎಂಬಾತ ತಲೆಹೊಟ್ಟಿನ ಚಕ್ಕೆಗಳಲ್ಲಿ ಯೀಸ್ಟಿನಂತಹ ಒಂದು ಶಿಲೀಂಧ್ರವಿದೆಯೆಂದು ವರದಿ ಮಾಡಿದ. ಇಂದಿಗೂ ಆ ಶಿಲೀಂಧ್ರಕ್ಕೆ ಮಲಾಸೆಜಿಯಾ ಎಂದೇ ಹೆಸರು. ತಲೆಯ ಗಜಕರ್ಣ ಇನ್ನೊಂದು ಜಾತಿಯದು. ಜರ್ಮನಿಯ ಶೋನ್‌ಲೈನ್ 1839ರಲ್ಲೇ ಅದರ ಒಂದು ಬಗೆಗೆ ಶಿಲೀಂಧ್ರ ಕಾರಣವೆಂದು ತೋರಿಸಿದ್ದ. ಕುಷ್ಠ, ಗಜಕರ್ಣ, ಹೊಟ್ಟು: ಒಂದೇ ಗೋಣಿಯಲ್ಲಿ ತುಂಬಿದ್ದ ಮೂರು ರೋಗಗಳು 50 ವರ್ಷಗಳೊಳಗೆ ಮೂರು ಹೆಸರು ಪಡೆದವು.

ಹೊಟ್ಟಿನ ಮಲಾಸೆಜಿಯಾ ಹೊರಗಿನಿಂದ ಬಂದ ಶತ್ರುವಲ್ಲ. ನಿಮ್ಮ ತಲೆಯಲ್ಲೂ ನನ್ನ ತಲೆಯಲ್ಲೂ ಅದು ವಾಸವಾಗಿದೆ. ಚರ್ಮ ಸ್ರವಿಸುವ ಎಣ್ಣೆಯೇ ಅದರ ಆಹಾರ. ಕೆಲವರ ಚರ್ಮ ಅದಕ್ಕೆ ಕೆರಳುತ್ತದೆ, ಚರ್ಮದ ಮೇಲ್ಪದರ ಬೇಗ ಬೇಗನೆ ಬೆಳೆದು ಚಕ್ಕೆಯಾಗಿ ಉದುರುತ್ತದೆ. ಹರೆಯದಲ್ಲಿ ಎಣ್ಣೆಯ ಸ್ರಾವ ಹೆಚ್ಚಾಗುವುದರಿಂದ ಹನ್ನೆರಡರ ಸುಮಾರಿಗೆ ಇದು ಶುರುವಾಗುವುದು ಸಹಜ. ತೆಂಗಿನೆಣ್ಣೆ ಮೆತ್ತಿದರೆ ಚಕ್ಕೆಗಳು ಅಂಟಿಕೊಂಡು ಎರಡು ದಿನ ಕಾಣಿಸುವುದಿಲ್ಲ. ಕಾಣಿಸದ್ದನ್ನು ನಾವು ವಾಸಿ ಎಂದುಕೊಳ್ಳುತ್ತೇವೆ. ನಮ್ಮ ಕರಾವಳಿಯ ಬೆವರು ಮತ್ತು ಎಣ್ಣೆ ಸೇರಿದರೆ ಆ ಶಿಲೀಂಧ್ರಕ್ಕೆ ಹಬ್ಬದೂಟ.

ಇನ್ನು ಕ್ಷೌರ. ತಲೆ ಬೋಳಿಸಿದರೆ ಕೂದಲಿಗೆ ಅಂಟಿದ್ದ ಚಕ್ಕೆ ಹೋಗುತ್ತದೆ, ಗಾಳಿ ಬೆಳಕು ತಾಗುತ್ತದೆ, ಹಚ್ಚಿದ ಮದ್ದು ಚರ್ಮಕ್ಕೆ ತಲಪುತ್ತದೆ, ತೊಳೆಯುವುದು ಸುಲಭ. ಈ ನೆಮ್ಮದಿ ಸುಳ್ಳಲ್ಲ. ಆದರೆ ಎಣ್ಣೆ ಸ್ರವಿಸುವ ಗ್ರಂಥಿಗಳು ಚರ್ಮದೊಳಗಿವೆ, ಅವುಗಳಿಗೆ ಕತ್ತಿ ತಾಗುವುದಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಷ್ಟರಲ್ಲಿ ಹೊಟ್ಟೂ ಮರಳಿರುತ್ತದೆ. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ಅಂಗರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಪರೀಕ್ಷಿಸಿ ನಿರಾಧಾರವೆಂದು ಬರೆದಿದ್ದರು. ಸುಮಾರು ನೂರು ವರ್ಷವಾಯಿತು, ನಮ್ಮ ಅಜ್ಜಿಯಂದಿರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಸೋರಿಯಾಸಿಸ್ ಇರುವವರಿಗಂತೂ ಕತ್ತಿಯ ಗೀರು ಬಿದ್ದಲ್ಲೇ ಹೊಸ ಮಚ್ಚೆ ಏಳಬಹುದು.

ಕತ್ತಿ ಸಾಲದೆಂದು ಕಂಡಾಗ ಮನುಷ್ಯರು ಏನೇನು ಮಾಡಿದರೆಂಬುದನ್ನೂ ತಿಳಿದಿರಿ. ಯೂರೋಪಿನ ಆಸ್ಪತ್ರೆಗಳಲ್ಲಿ ಗಜಕರ್ಣವಾದ ಮಕ್ಕಳ ತಲೆಗೆ ರಾಳ ಬಳಿದ ಬಟ್ಟೆಯ ಟೊಪ್ಪಿ ಅಂಟಿಸಿ, ಕೂದಲು ಬೇರುಸಹಿತ ಬರುವಂತೆ ಕಿತ್ತುಬಿಡುತ್ತಿದ್ದ ಕಾಲವಿತ್ತು. 1904ರ ಸುಮಾರಿಗೆ ಪ್ಯಾರಿಸಿನ ಸಬೂರೋ ಎಂಬ ವೈದ್ಯ ಎಕ್ಸ್-ರೇ ಹಾಯಿಸಿ ಕೂದಲು ಉದುರಿಸುವ ಕ್ರಮವನ್ನು ರೂಢಿಗೆ ತಂದ. ನೋವಿಲ್ಲದ ಆ ವಿಧಾನ ಎಲ್ಲರಿಗೂ ಮೆಚ್ಚುಗೆಯಾಯಿತು. ಹಾಗೆ ಚಿಕಿತ್ಸೆ ಪಡೆದ ಮಕ್ಕಳು ದೊಡ್ಡವರಾದಾಗ ಮಿದುಳಿನ ಮತ್ತು ಥೈರಾಯ್ಡ್ ಗ್ರಂಥಿಯ ಗೆಡ್ಡೆಗಳು ಅವರಲ್ಲಿ ಹೆಚ್ಚಾಗಿ ಕಂಡವು. ಇಸ್ರೇಲ್ ದೇಶ 1994ರಲ್ಲಿ ಅಂಥವರಿಗೆ ಪರಿಹಾರ ಕೊಡುವ ಕಾನೂನನ್ನೇ ಮಾಡಬೇಕಾಯಿತು. 1958ರಲ್ಲಿ ಗ್ರಿಸಿಯೋಫುಲ್ವಿನ್ ಎಂಬ ನುಂಗುವ ಔಷಧದ ಗುಣ ಪತ್ತೆಯಾದ ಮೇಲೆ ಟೊಪ್ಪಿಯೂ ಎಕ್ಸ್-ರೇಯೂ ಬೇಡವಾದವು.

ಇಷ್ಟು ರೋಗದ ಮಾತಾಯಿತು. ಆದರೆ ಆ ಹುಡುಗಿ ಶಾಲು ಎಳೆದುಕೊಂಡದ್ದು ರೋಗಕ್ಕೆ ಹೆದರಿ ಅಲ್ಲವೆಂದು ನನ್ನ ಎಣಿಕೆ. ಬೋಳು ತಲೆ ನೋಡುವವರ ಕಣ್ಣಿಗೆ ಏನನ್ನೋ ಹೇಳುತ್ತದೆ. ಏನು ಹೇಳುತ್ತದೆ ಎಂಬುದು ಬೋಳಾದವರ ಕೈಯಲ್ಲಿಲ್ಲ.

ಪವಿತ್ರ ಗ್ರಂಥವನ್ನೇ ನೋಡಿ. ಮಕ್ಕಳನ್ನು ಕಳೆದುಕೊಂಡ ಯೋಬನು ತಲೆ ಬೋಳಿಸಿಕೊಂಡದ್ದು ದುಃಖಕ್ಕೆ. ನಾಜೀರ ವ್ರತ ಹಿಡಿದವರು ವ್ರತ ಮುಗಿದಾಗ ಬೋಳಿಸಿಕೊಂಡದ್ದು ಹರಕೆಗೆ. ಸಂತ ಪೌಲನೂ ಕೆಂಖ್ರೆಯ ಎಂಬಲ್ಲಿ ಹರಕೆಯ ನಿಮಿತ್ತ ಕೂದಲು ಕತ್ತರಿಸಿಕೊಂಡನೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಧರ್ಮೋಪದೇಶಕಾಂಡದಲ್ಲಿಯೋ, ಯುದ್ಧದಲ್ಲಿ ಸೆರೆಸಿಕ್ಕ ಹೆಂಗಸಿನ ತಲೆ ಬೋಳಿಸಬೇಕೆಂಬ ವಿಧಿಯಿದೆ. ಮೊದಲನೆಯವರು ತಾವಾಗಿ ತಲೆ ಕೊಟ್ಟವರು, ಆ ಹೆಂಗಸನ್ನು ಯಾರೂ ಕೇಳಲಿಲ್ಲ.

ನಮ್ಮ ಧರ್ಮಸಭೆಯಲ್ಲಿ ತಾವಾಗಿ ತಲೆ ಕೊಡುವುದು ಒಂದು ವಿಧಿಯೇ ಆಗಿ ಬೆಳೆಯಿತು. ಅದಕ್ಕೆ ಟಾನ್ಶರ್ ಎಂದು ಹೆಸರು. ರೋಮಿನಲ್ಲಿ ಗುಲಾಮರ ತಲೆ ಬೋಳಿಸುತ್ತಿದ್ದುದರಿಂದ, ತಾವು ಕ್ರಿಸ್ತನ ಗುಲಾಮರೆಂದು ತೋರಿಸಲು ಸನ್ಯಾಸಿಗಳು ಇದನ್ನು ಕೈಗೊಂಡರು ಎಂಬುದು ಒಂದು ವಿವರಣೆ. ಸುತ್ತಲೂ ಉಳಿಸಿದ ಕೂದಲಿನ ಬಳೆ ಮುಳ್ಳಿನ ಕಿರೀಟದ ನೆನಪು ಎಂಬುದು ಇನ್ನೊಂದು. 633ರ ತೊಲೇದೋ ಸಭೆ ನೆತ್ತಿಯನ್ನು ಬೋಳಿಸಿ ಬಳೆ ಉಳಿಸುವ ಕ್ರಮವನ್ನು ಕಡ್ಡಾಯ ಮಾಡಿತು. 664ರಲ್ಲಿ ಇಂಗ್ಲೆಂಡಿನ ವಿಟ್ಬಿಯಲ್ಲಿ ಐರಿಷ್ ಸನ್ಯಾಸಿಗಳೂ ರೋಮಿನ ಪಕ್ಷದವರೂ ಸೇರಿದ್ದು ಮುಖ್ಯವಾಗಿ ಪಾಸ್ಖ ಹಬ್ಬದ ದಿನಾಂಕದ ಬಗ್ಗೆ. ಆದರೆ ತಲೆಯ ಯಾವ ಭಾಗ ಬೋಳಿಸಬೇಕೆಂಬ ಜಗಳವೂ ಆ ದಿನಗಳಲ್ಲಿ ಜೊತೆಗಿತ್ತು. ನಗಬೇಡಿ, ಗುರುತಿನ ಪ್ರಶ್ನೆ ಯಾವ ಕಾಲದಲ್ಲೂ ಸಣ್ಣದಲ್ಲ. 1212ರ ಗರಿಗಳ ಭಾನುವಾರದ ರಾತ್ರಿ ಮನೆ ಬಿಟ್ಟು ಬಂದ ಕ್ಲಾರಾಳ ಕೂದಲನ್ನು ಸಂತ ಫ್ರಾನ್ಸಿಸ್ ತನ್ನ ಕೈಯಿಂದಲೇ ಕತ್ತರಿಸಿದ. ಅವಳನ್ನು ಹಿಂದಕ್ಕೆ ಎಳೆದೊಯ್ಯಲು ಬಂದ ಬಂಧುಗಳಿಗೆ ಅವಳು ಕತ್ತರಿಸಿದ ತಲೆಯನ್ನು ತೋರಿಸಿದಳಂತೆ. ಅವರು ಮರಳಿ ಹೋದರು.

ಈ ಇತಿಹಾಸದ ಕೊನೆಯ ಅಧ್ಯಾಯ ನಮ್ಮ ಜೆಪ್ಪುವಿನಲ್ಲೂ ನಡೆದಿದೆ. ಜೆಪ್ಪು ಎಂದರೆ ಹಲವರಿಗೆ ಮೊದಲು ನೆನಪಾಗುವುದು 1865ರಲ್ಲಿ ಬಾಸೆಲ್ ಮಿಷನಿನವರು ಇಲ್ಲಿ ತೆರೆದ ಹೆಂಚಿನ ಕಾರ್ಖಾನೆ. ನಮಗೆ ಕಥೋಲಿಕರಿಗೆ ನೆನಪಾಗುವುದು ಸಂತ ಜೋಸೆಫರ ಗುರುಮಠ. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯವರು ಬೆಳೆಸಿದ ಈ ಗುರುಮಠದಲ್ಲಿ ಕಲಿತು ಗುರುಗಳಾದವರು ನಾಡಿನ ಎಷ್ಟೋ ಧರ್ಮಕೇಂದ್ರಗಳಲ್ಲಿ ದುಡಿದಿದ್ದಾರೆ. ಲತೀನ್ ವಿಧಿಯಲ್ಲಿ ಗುರುದೀಕ್ಷೆಯ ಮೆಟ್ಟಿಲುಗಳಿಗಿಂತ ಮೊದಲು ಬರುತ್ತಿದ್ದುದು ಈ ಟಾನ್ಶರ್. ಅಭ್ಯರ್ಥಿ ಮೊಣಕಾಲೂರುತ್ತಿದ್ದ. ಧರ್ಮಾಧ್ಯಕ್ಷರು ಕತ್ತರಿ ಹಿಡಿದು ಮುಂದೆ, ಹಿಂದೆ, ಎರಡು ಪಕ್ಕ, ನೆತ್ತಿ ಹೀಗೆ ಶಿಲುಬೆಯ ಆಕಾರದಲ್ಲಿ ಐದು ಕಡೆ ಕೂದಲು ತೆಗೆಯುತ್ತಿದ್ದರು. ಆ ಹೊತ್ತಿಗೆ, ದೇವರೇ ತನ್ನ ಪಾಲಿನ ಆಸ್ತಿಯೆಂಬ ಅರ್ಥದ ಕೀರ್ತನೆಯೊಂದರ ಮಾತನ್ನು ಅವನು ಹೇಳುತ್ತಿದ್ದ. ಅಲ್ಲಿಂದ ಅವನು ಗುರುವರ್ಗಕ್ಕೆ ಸೇರಿದವನು. ಜಗದ್ಗುರು 6ನೆಯ ಪೌಲರು 1972ರ ಆಗಸ್ಟ್ 15ರಂದು ಹೊರಡಿಸಿದ ಆಜ್ಞೆಯಿಂದ ಈ ವಿಧಿ ನಿಂತಿತು. 1973ರ ಜನವರಿ 1ರಿಂದ ಗುರುವರ್ಗದ ಪ್ರವೇಶ ಉಪಯಾಜಕ ದೀಕ್ಷೆಯೊಡನೆ ಆಗುತ್ತಿದೆ. ಅದಕ್ಕಿಂತ ಮೊದಲು ಗುರುಮಠದಲ್ಲಿದ್ದ ಹಿರಿಯ ಗುರುಗಳು ನಿಮ್ಮ ಪರಿಚಯದಲ್ಲಿದ್ದರೆ ಕೇಳಿ ನೋಡಿ. ಆ ಐದು ಕತ್ತರಿಯ ಸದ್ದನ್ನು ಅವರು ಮರೆತಿರಲಾರರು.

ಇದೇ ಕೂದಲಿನ ವಿಷಯ ನಮ್ಮ ದಕ್ಷಿಣದಲ್ಲಿ ಇನ್ನೊಂದು ಬಗೆಯಲ್ಲಿ ಎದುರಾಯಿತು. 1606ರಲ್ಲಿ ಮದುರೆಗೆ ಬಂದ ರೊಬೆರ್ತೊ ದೆ ನೊಬಿಲಿ ಕಾವಿ ತೊಟ್ಟು ಸನ್ಯಾಸಿಯಂತೆ ಬಾಳಿದಾಗ, ಅವನಿಂದ ದೀಕ್ಷಾಸ್ನಾನ ಪಡೆದ ಬ್ರಾಹ್ಮಣರು ಜುಟ್ಟು ಉಳಿಸಿಕೊಳ್ಳಬಹುದೇ ಎಂಬುದು ರೋಮಿನವರೆಗೆ ಹೋದ ವ್ಯಾಜ್ಯವಾಯಿತು. ಜಗದ್ಗುರು 15ನೆಯ ಗ್ರೆಗರಿ 1623ರ ಜನವರಿ 31ರಂದು ಉಳಿಸಿಕೊಳ್ಳಬಹುದೆಂದು ತೀರ್ಪಿತ್ತರು. ಅದೇ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ ಯೇಸುಸಭೆಯ ಲಿಯೊನಾರ್ದೊ ಚಿನ್ನಮಿಯೂ ಸನ್ಯಾಸಿಯ ವೇಷವನ್ನೇ ಆರಿಸಿಕೊಂಡ. ಎರಡು ಶತಮಾನಗಳ ನಂತರ ಪ್ರೊಟೆಸ್ಟೆಂಟರಲ್ಲೂ ಇದೇ ಚರ್ಚೆ ಎದ್ದಿತು. ಜುಟ್ಟು ಕತ್ತರಿಸದವನು ನಿಜವಾದ ಕ್ರೈಸ್ತನೇ ಎಂದು ಕೆಲವರು ಕೇಳಿದಾಗ, ತಿರುನೆಲ್ವೇಲಿಯ ರಾಬರ್ಟ್ ಕಾಲ್ಡ್‌ವೆಲ್ 1867ರಲ್ಲಿ ಜುಟ್ಟಿನ ಬಗ್ಗೆಯೇ ಒಂದು ಪುಸ್ತಿಕೆ ಬರೆದು, ಅದು ನಾಡಿನ ರೂಢಿ, ವಿಗ್ರಹಾರಾಧನೆಯ ಗುರುತಲ್ಲ ಎಂದು ವಾದಿಸಿದ. ಕೂದಲು ತೆಗೆಯುವವನ ಲೆಕ್ಕವೇ ಬೇರೆ, ಕಳೆದುಕೊಳ್ಳುವವನ ಲೆಕ್ಕವೇ ಬೇರೆ ಎಂಬುದನ್ನು ಈ ಮೂವರೂ ತಮ್ಮ ತಮ್ಮ ರೀತಿಯಲ್ಲಿ ಕಂಡಿದ್ದರು.

ಕೇಳದೆಯೇ ಬೋಳಿಸಿದ ತಲೆಗಳ ಸಾಲು ಇದಕ್ಕಿಂತ ಬಹಳ ಉದ್ದ. ನಮ್ಮ ನಾಡಿನ ಮೇಲ್ಜಾತಿಯ ಮನೆಗಳಲ್ಲಿ ಗಂಡ ಸತ್ತ ಹೆಣ್ಣಿನ, ಕೆಲವೊಮ್ಮೆ ಬಾಲೆಯ, ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಿದ್ದ ಕಾಲವನ್ನು ನೆನಪಿಸಿಕೊಳ್ಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1899ರಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿ ಎಳೆಯ ವಿಧವೆಯ ಮರುಮದುವೆಯನ್ನು ಧೈರ್ಯವಾಗಿ ಬೆಂಬಲಿಸಿತು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನೂ, ಪ್ರೇಮಾ ಕಾರಂತರು ಅದರಿಂದ ಮಾಡಿದ ಚಲನಚಿತ್ರವನ್ನೂ ಬಲ್ಲವರು ಅಲ್ಲಿನ ದಾಕ್ಷಾಯಣಿಯನ್ನು ಮರೆಯುವುದಿಲ್ಲ. ಕ್ಷೌರಕ್ಕೆ ತಲೆಯೊಡ್ಡುವುದಿಲ್ಲವೆಂದು ನಿಂತ ಹುಡುಗಿ ಅವಳು. ನನಗೆ ಇವೆಲ್ಲಕ್ಕಿಂತ ಹೆಚ್ಚು ತಟ್ಟುವುದು 1890ರಲ್ಲಿ ಮುಂಬಯಿಯ ಕ್ಷೌರಿಕರು ಮಾಡಿದ ಕೆಲಸ. ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ಅವರು ಸಭೆ ಸೇರಿ ನಿರ್ಧರಿಸಿದರು. ಶಾಸ್ತ್ರಿಗಳೂ ಸುಧಾರಕರೂ ಗ್ರಂಥಗಳನ್ನು ಮುಂದಿಟ್ಟು ವಾದಿಸುತ್ತಿದ್ದಾಗ, ಸಮಾಜ ಕೀಳೆಂದು ಎಣಿಸಿದ್ದ ಕೈಗಳು ಕತ್ತಿಯನ್ನು ಕೆಳಗಿಟ್ಟವು.

ಇದನ್ನು ಹೇಳುವಾಗ ಬೇರೆಯವರ ಮನೆಯ ಕಡೆಗೆ ಮಾತ್ರ ಬೆರಳು ತೋರಿಸುವುದು ನಮಗೆ ಸಲ್ಲದು. 1944ರಲ್ಲಿ ಜರ್ಮನರಿಂದ ಬಿಡುಗಡೆಯಾದ ಫ್ರಾನ್ಸಿನಲ್ಲಿ, ಶತ್ರುಗಳೊಡನೆ ಸಂಬಂಧವಿತ್ತೆಂದು ಆರೋಪಿಸಿ ಸುಮಾರು 20,000 ಹೆಂಗಸರ ತಲೆಗಳನ್ನು ಬೀದಿಯಲ್ಲಿ ಬೋಳಿಸಿದ ಜನಜಂಗುಳಿ ಕ್ರೈಸ್ತರದ್ದೇ. ಇನ್ನೂ ಘೋರವಾದದ್ದು ಆಶ್‌ವಿಟ್ಜ್. ಶಿಬಿರಗಳಲ್ಲಿ ಬೋಳಿಸುವುದಕ್ಕೆ ಕೊಟ್ಟ ಕಾರಣ ಹೇನು ಮತ್ತು ಶುಚಿತ್ವ. 1945ರ ಜನವರಿಯಲ್ಲಿ ಸೋವಿಯತ್ ಸೈನಿಕರು ಅಲ್ಲಿ ಕಂಡದ್ದು ಮಾರಾಟಕ್ಕೆ ಕಟ್ಟಿಟ್ಟ ಸುಮಾರು 7 ಟನ್ ಕೂದಲು. ಶುಚಿತ್ವ ಎಂಬ ಒಳ್ಳೆಯ ಮಾತು ಎಂಥ ಕೈಗಳಿಗೂ ಸಿಗಬಹುದು.

ನಮ್ಮ ಹಲಸಿನ ಮರದ ಬುಡದ ಕ್ಷೌರವನ್ನು ಅದರೊಡನೆ ಹೋಲಿಸುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಅಲ್ಲಿದ್ದವರು ಕೆಟ್ಟವರಲ್ಲ. ಹೇನು ಹೋಗಲಿ, ಮಕ್ಕಳು ನೆಮ್ಮದಿಯಾಗಿ ಮಲಗಲಿ ಎಂಬುದೇ ಅವರ ಇರಾದೆ. ಆದರೂ ಅಪ್ಪನಿಗಾಗಿ ಅತ್ತ ಆ ಹುಡುಗನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ತಿಳಿಯುತ್ತಿತ್ತು, ತಿಳಿದಿದ್ದರೆ ಅವನನ್ನು ಬಿಟ್ಟು ಉಳಿದವರನ್ನು ಬೋಳಿಸುತ್ತಿದ್ದರೋ ಏನೋ.

ತಾವಾಗಿಯೇ ಬೋಳಿಸಿಕೊಳ್ಳುವ ಸಂತೋಷವೂ ನಮ್ಮಲ್ಲಿದೆಯಲ್ಲ. ವೇಳಾಂಕಣಿಗೆ ಹೋಗಿ ಬಂದ ಕುಟುಂಬವನ್ನು ಮಂಗಳೂರಿನ ರೈಲು ನಿಲ್ದಾಣದಲ್ಲಿ ಗುರುತಿಸುವುದು ಸುಲಭ. ಅಪ್ಪನದೂ ಮಕ್ಕಳದೂ ಗಂಧ ಬಳಿದ ಬೋಳು ತಲೆ, ಮುಖದಲ್ಲಿ ಹರಕೆ ತೀರಿಸಿದ ಹಗುರ. ಅಲ್ಲಿ ಮಾತೆಯ ಮುಂದೆ ಕೂದಲು ಕೊಡುವುದನ್ನು ಕ್ರೈಸ್ತರೂ ಹಿಂದೂಗಳೂ ಒಂದೇ ಸಾಲಿನಲ್ಲಿ ಕುಳಿತು ಮಾಡುತ್ತಾರೆ. ಆ ತಲೆಗಳನ್ನು ನೋಡಿ ಯಾರೂ ನಗುವುದಿಲ್ಲ. ಕ್ಯಾನ್ಸರಿನ ಔಷಧಿಯಿಂದ ಕೂದಲು ಉದುರಿದ ಗೆಳತಿಗೆ ಒಬ್ಬಳಿಗೇ ಬೇಸರವಾಗಬಾರದೆಂದು ತಮ್ಮ ತಲೆಯನ್ನೂ ಬೋಳಿಸಿಕೊಳ್ಳುವ ಹೆಣ್ಣುಮಕ್ಕಳ ಸುದ್ದಿಯನ್ನು ಈಗ ನೀವು ಓದುತ್ತಿರುತ್ತೀರಿ.

ತಲೆಹೊಟ್ಟಿನ ವಿಷಯದಲ್ಲಿ ಚರ್ಮರೋಗ ತಜ್ಞರು ಆ ತಾಯಿಗೆ ಹೇಳಿದ್ದನ್ನು ಇಲ್ಲಿ ಬರೆದರೆ ನಿಮಗೂ ಉಪಯೋಗವಾದೀತು. ಕೀಟೋಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆ ಎರಡು ಸಲ, ಕೂದಲಿಗಲ್ಲ, ಚರ್ಮಕ್ಕೆ ತಾಗುವಂತೆ ಹಚ್ಚಬೇಕು. ಹಚ್ಚಿದ ಕೂಡಲೇ ತೊಳೆಯದೆ ಐದು ನಿಮಿಷ ಬಿಡಬೇಕು. ಹೀಗೆ ಎರಡರಿಂದ ನಾಲ್ಕು ವಾರ. ನಮ್ಮಲ್ಲಿ ಬಹುಪಾಲು ಜನರು ಸೋಲುವುದು ಆ ಐದು ನಿಮಿಷದಲ್ಲೇ ಎಂದು ಅವರು ನಕ್ಕರಂತೆ. ಹೊಟ್ಟು ಪೂರ್ತಿ ಬಿಟ್ಟು ಹೋಗುವ ರೋಗವಲ್ಲ, ಆಗಾಗ ಮರಳುತ್ತದೆ. ಮರಳಿದಾಗ ಮತ್ತೆ ತೊಳೆಯಬೇಕು. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ದುಂಡನೆಯ ಮಚ್ಚೆಯಾಗಿ ಕೂದಲು ಉದುರಿದ್ದರೆ ಅದು ಹೊಟ್ಟಲ್ಲ, ಗಜಕರ್ಣವಿರಬಹುದು. ಗಜಕರ್ಣವಾದರೆ ಅದು ಅಂಟುತ್ತದೆ, ಅದಕ್ಕೆ ಬರೀ ಶಾಂಪೂ ಸಾಲದು, ನುಂಗುವ ಮಾತ್ರೆಯೇ ಬೇಕು. ಗಂಡುಮಕ್ಕಳು ತಮ್ಮಿಷ್ಟದಿಂದ ಬೋಳಿಸಿಕೊಳ್ಳುವುದಾದರೂ ಹೊಸ ಬ್ಲೇಡು ಹಾಕಿಸಿ. ಒಬ್ಬರ ರಕ್ತ ತಾಗಿದ ಕತ್ತಿ ಇನ್ನೊಬ್ಬರಿಗೆ ಹೆಪಟೈಟಿಸ್‌ನಂತಹ ರೋಗವನ್ನು ದಾಟಿಸಬಲ್ಲದು.

ಸೆಪ್ಟೆಂಬರ್ 8ರ ಮೊಂತಿ ಹಬ್ಬದ ದಿನ ಮಕ್ಕಳೆಲ್ಲ ಹೂವಿನ ಬುಟ್ಟಿ ಹಿಡಿದು ಬಾಲ ಮರಿಯಮ್ಮನಿಗೆ ಹೂ ಅರ್ಪಿಸಲು ಸಾಲಾಗಿ ನಿಂತಿದ್ದರು. ಆ ಹುಡುಗಿಯೂ ಎರಡು ಜಡೆ ಹಾಕಿಕೊಂಡು ಬಂದಿದ್ದಳು. ಶಾಲು ಇರಲಿಲ್ಲ. ತೆನೆ ಹಂಚುವಾಗ ಹತ್ತಿರ ಬಂದು, ನಾನು ಕೇಳುವ ಮೊದಲೇ ಸಣ್ಣ ಸ್ವರದಲ್ಲಿ ಹೇಳಿದಳು: "ಮಾಸ್ಟ್ರೇ, ಇನ್ನೂ ಸ್ವಲ್ಪ ಉಂಟು. ಆದರೆ ಮೊದಲಿನ ಹಾಗೆ ಇಲ್ಲ." ಸ್ವಲ್ಪ ತಡೆದು ಮತ್ತೆ ಅಂದಳು: "ಬರುವ ರಜೆಯಲ್ಲಿ ನಾವು ವೇಳಾಂಕಣಿಗೆ ಹೋಗುವುದುಂಟು. ಅಲ್ಲಿ ಕೊಡಬೇಕಾ ಬೇಡವಾ ಅಂತ ನಾನೇ ಹೇಳ್ತೇನೆ ಅಂತ ಅಮ್ಮನಿಗೆ ಹೇಳಿದ್ದೇನೆ."